ಮಾದರಿ ರಕ್ತ

ಹಿಲ್ಲೆವಿಯ ರಕ್ತದ ಮೇಲೆ ಆ ಪ್ರಯೋಗಾಲಯದಲ್ಲಿ ಯಾರಿಗೂ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನದ ಮಾತಿರಲಿ, ಹೊಗಳಿ ಹೊಗಳಿ ಅದನ್ನು ಅಟ್ಟಕ್ಕೇರಿಸಿದ್ದರು. ಹೊಸ ಬಣ್ಣ ಬಂತೇ, ಮೊದಲು ಹಿಲ್ಲೆವಿಯ ರಕ್ತಕ್ಕೆ ಹಾಕಿ ನೋಡು. ಹೊಸ ಔಷಧಿಯ ಸೀಸೆ ಬಿಚ್ಚಿದರೇ, ಮೊದಲು ಹಿಲ್ಲೆವಿಯ ಅಂಗಿಯ ತೋಳು ಮಡಿಸು. ಬೇರೆಯವರ ವರ್ಣತಂತುಗಳನ್ನು ನೋಡಿ ಇದು ಸರಿ, ಇದು ಹೆಚ್ಚುಕಮ್ಮಿ ಎಂದು ತೀರ್ಪು ಕೊಡುವಾಗ ಪಕ್ಕದಲ್ಲಿಟ್ಟು ಹೋಲಿಸುತ್ತಿದ್ದದ್ದೂ ಅವಳದನ್ನೇ. ಫೋಟೋ ತೆಗೆಯುವ ಯಾರ್ಲ್ ಅವಳಿಗೆ ‘ಸ್ವೀಡನ್ನಿನ ಮಾದರಿ ಹೆಂಗಸು’ ಎಂದು ಹೆಸರಿಟ್ಟಿದ್ದ. ಹೆಸರು ಅಂಟಿಕೊಂಡಿತ್ತು.

ಪ್ರಯೋಗಾಲಯ ಎಂದರೆ ದೊಡ್ಡದೇನಲ್ಲ. ಬಿಯರ್ ಕಾಯಿಸಿ ಸಿರಿವಂತನಾದ ಪುಣ್ಯಾತ್ಮನೊಬ್ಬ ಸಾಯುವಾಗ ವಿಜ್ಞಾನಕ್ಕೆಂದು ಬಿಟ್ಟುಹೋದ ದುಡ್ಡಿನಲ್ಲಿ, ಉಪ್ಸಾಲಾದ ನದೀದಂಡೆಯ ಹಳದಿ ಕಟ್ಟಡವೊಂದರಲ್ಲಿ ನಡೆಯುತ್ತಿದ್ದ ಸಣ್ಣ ಸಂಸಾರ ಅದು. ಯಜಮಾನಿ ಡಾಕ್ಟರ್ ಆಸ್ಟಾ ಫ್ರೀಬೆರಿ, ಅರವತ್ತು ದಾಟಿದವರು. ಆಗ ದೇಶಕ್ಕೆ ದೇಶವೇ ಬಹುವಚನ ಬಿಟ್ಟು ಎಲ್ಲರೂ ಎಲ್ಲರನ್ನೂ ‘ನೀನು’ ಅನ್ನಬೇಕು ಎಂಬ ಹೊಸ ಗಾಳಿಗೆ ಬಿದ್ದಿತ್ತಲ್ಲ, ಆಸ್ಟಾ ಕೂಡ ಒಂದು ದಿನ ಕಾಫಿ ಹೊತ್ತಿನಲ್ಲಿ, “ಇನ್ಮೇಲೆ ನನ್ನನ್ನೂ ನೀನು ಅನ್ನಿ” ಎಂದು ಅಪ್ಪಣೆ ಕೊಡಿಸಿದ್ದರು. ಯಾರ್ಲ್ ಆ ಕ್ಷಣದಿಂದಲೇ ಶುರು ಮಾಡಿದ. ಹಿಲ್ಲೆವಿಗೆ ಮಾತ್ರ ನಾಲಿಗೆ ಹೊರಳಲಿಲ್ಲ. ಅವಳಿಗೆ ಅವರು ಡಾಕ್ಟರೇ, ನೀವೇ.

ಅವರು ಮಾಡುತ್ತಿದ್ದ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಜೀವಕೋಶದ ನಡುವೆ ಕೋಶಕೇಂದ್ರ ಇರುತ್ತದೆ. ಅದರೊಳಗಿನ ಎಳೆಗಳು ಸುಮ್ಮನಿದ್ದಾಗ ಬೆಕ್ಕು ಆಡಿಬಿಟ್ಟ ಉಣ್ಣೆಯ ಉಂಡೆಯ ಹಾಗೆ, ತಲೆ ಯಾವುದು ಬುಡ ಯಾವುದು ತಿಳಿಯುವುದಿಲ್ಲ. ಕೋಶ ಒಂದಿದ್ದದ್ದು ಎರಡಾಗಲು ಹೊರಟಾಗ ಮಾತ್ರ ಆ ಎಳೆಗಳು ಸುತ್ತಿಕೊಂಡು ದಪ್ಪವಾಗಿ, ಬಿಡಿಬಿಡಿ ವರ್ಣತಂತುಗಳಾಗಿ ಕಣ್ಣಿಗೆ ಬೀಳುತ್ತವೆ. ಹಿಡಿಯುವುದಾದರೆ ಆ ಗಳಿಗೆಯಲ್ಲೇ ಹಿಡಿಯಬೇಕು. ಅದಕ್ಕೆ ರಕ್ತವನ್ನು ಬೆಚ್ಚಗಿಟ್ಟು, ಉಣಿಸಿ, ಕೋಶಗಳು ಎರಡಾಗಲು ತೊಡಗಿದಾಗ ಒಂದು ಹೂಗಿಡದ ಗೆಡ್ಡೆಯಿಂದ ತೆಗೆದ ವಿಷ ಹಾಕಿ ಇದ್ದಲ್ಲೇ ನಿಲ್ಲಿಸುತ್ತಿದ್ದರು. ಆಮೇಲೆ ನೀರು ಕುಡಿಸಿ ಉಬ್ಬಿಸಿ, ತಣ್ಣನೆಯ ಗಾಜಿನ ಮೇಲೆ ಎತ್ತರದಿಂದ ಹನಿ ಬೀಳಿಸುತ್ತಿದ್ದರು. ಬಿದ್ದ ಪೆಟ್ಟಿಗೆ ಕೋಶ ಒಡೆದು ಒಳಗಿನದೆಲ್ಲ ಹರಡಿಕೊಳ್ಳಬೇಕು.

ಈ ಹನಿ ಬೀಳಿಸುವುದರಲ್ಲಿ ಒಬ್ಬೊಬ್ಬರದು ಒಂದೊಂದು ಮಡಿ. ಆಸ್ಟಾ ಮೊದಲು ಗಾಜಿನ ಮೇಲೆ ಬಾಯಿಂದ ಹಬೆ ಊದುತ್ತಿದ್ದರು. ಹಿಲ್ಲೆವಿ ಗಾಜನ್ನು ಕಿಟಕಿಯಾಚೆಯ ಹಿಮದಲ್ಲಿ ಹೂತಿಟ್ಟು ತೆಗೆದು, ನೆಲದ ಮೇಲಿಟ್ಟು, ತಾನು ಸ್ಟೂಲಿನ ಮೇಲೆ ಹತ್ತಿ ನಿಂತು ಹನಿ ಬಿಡುತ್ತಿದ್ದಳು.

“ಹುಷಾರು ಮಾರಾಯ್ತಿ,” ಎನ್ನುತ್ತಿದ್ದ ಯಾರ್ಲ್. “ನೀನು ಬಿದ್ದು ಕಾಲು ಮುರ್ಕೊಂಡ್ರೆ ದೇಶಕ್ಕೇ ಮಾದರಿ ಇಲ್ದಂಗಾಗುತ್ತೆ.”

“ನೀನು ಬಾಯಿ ಮುಚ್ಕೊಂಡಿದ್ರೆ ಬೀಳಲ್ಲ.”

ಅವಳ ರಕ್ತ ಮಾದರಿಯಾದದ್ದಕ್ಕೆ ಕಾರಣ ಇಷ್ಟೇ. ಅವಳ ಕೋಶಗಳು ಚುರುಕಾಗಿ ಎರಡಾಗುತ್ತಿದ್ದವು, ಗಾಜಿನ ಮೇಲೆ ಒಂದರ ಮೇಲೊಂದು ಬೀಳದೆ ಅಂದವಾಗಿ ಹರಡುತ್ತಿದ್ದವು. ಯಾರ್ಲ್ ಫೋಟೋ ತೆಗೆದು ದೊಡ್ಡದು ಮಾಡಿಕೊಟ್ಟರೆ, ಹಿಲ್ಲೆವಿ ಉಗುರು ಕತ್ತರಿಯಂಥ ಬಾಗಿದ ಕತ್ತರಿಯಲ್ಲಿ ಒಂದೊಂದೇ ವರ್ಣತಂತುವನ್ನು ಕತ್ತರಿಸಿ, ಉದ್ದ ನೋಡಿ, ಕಿರಿದಾದ ಸೊಂಟ ಎಲ್ಲಿದೆ ನೋಡಿ, ಜೋಡಿ ಮಾಡಿ ರಟ್ಟಿಗೆ ಅಂಟಿಸುತ್ತಿದ್ದಳು. ಅವಳು ಕತ್ತರಿ ಹಿಡಿದು ಕೂತಾಗ ಯಾರೂ ಕಿಟಕಿ ತೆಗೆಯುವಂತಿರಲಿಲ್ಲ, ಸೀನುವಂತಿರಲಿಲ್ಲ. ಒಮ್ಮೆ ಯಾರ್ಲ್ ಸೀನಿದ್ದಕ್ಕೆ ಯಾರೋ ರೈತನ ಇಪ್ಪತ್ತೊಂದನೆಯ ವರ್ಣತಂತು ಹಾರಿ ಬಿಸಿನೀರಿನ ಪೈಪಿನ ಹಿಂದೆ ಬಿದ್ದು, ಮಧ್ಯಾಹ್ನವೆಲ್ಲ ಮೂವರೂ ಮೊಣಕಾಲೂರಿ ಹುಡುಕಿದ್ದರು.

ಊರವರಿಗೆಲ್ಲ ಜೋಡಿ ಕೂಡಿಸಿಕೊಡುವ ಈ ಹೆಂಗಸಿಗೆ ಮನೆಯಲ್ಲಿ ತೊಟ್ಟಿಲು ಕಟ್ಟುವ ಯೋಗ ಬಂದಿರಲಿಲ್ಲ. ಮೂರು ಬಾರಿ ಬಸಿರು ನಿಂತಿತ್ತು, ಮೂರು ಬಾರಿಯೂ ಹೋಗಿತ್ತು. ಮೊದಲನೆಯದಕ್ಕೆ ಅತ್ತಳು, ಎರಡನೆಯದಕ್ಕೆ ಗಂಡ ಆಲ್ವಾರ್ ಅತ್ತ, ಮೂರನೆಯದಕ್ಕೆ ಇಬ್ಬರೂ ಅಳದೆ ಅಡುಗೆಮನೆಗೆ ಬಣ್ಣ ಹೊಡೆದರು. ಡಾಕ್ಟರುಗಳು ಎಲ್ಲ ನೋಡಿ, ಏನೂ ತೊಂದರೆ ಕಾಣುವುದಿಲ್ಲ, ದುರದೃಷ್ಟ ಎಂದು ಕೈತೊಳೆದುಕೊಂಡರು. ಅತ್ತೆ ಸಿಗ್ನೆಗೆ ಮಾತ್ರ ಕಾರಣ ಗೊತ್ತಿತ್ತು. ಒಂದು ವರ್ಷ ಅದು ಸೈಕಲ್ಲು, ಇನ್ನೊಂದು ವರ್ಷ ಕಾಫಿ, ಮತ್ತೊಂದು ವರ್ಷ ಪ್ರಯೋಗಾಲಯದ ವಿಷದ ಸೀಸೆಗಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೆಣೆಯುವುದು ಸಿಗ್ನೆಯ ದೌರ್ಬಲ್ಯ. ಹೆಣೆದ ಕುಲಾವಿಗಳು ನೆರೆಮನೆಯ ಮೊಮ್ಮಕ್ಕಳ ತಲೆ ಸೇರಿದ್ದವು, ಮತ್ತು ಅದನ್ನು ಆಕೆ ಸೊಸೆಗೆ ಹೇಳದೆ ಬಿಟ್ಟವರಲ್ಲ.

ಹಿಲ್ಲೆವಿ ಎದುರುತ್ತರ ಕೊಡುತ್ತಿರಲಿಲ್ಲ. ಒಳಗೊಳಗೇ ಅವಳೂ ತನ್ನ ಮೇಲೆಯೇ ತಪ್ಪು ಹೊರಿಸಿಕೊಂಡಿದ್ದಳು. ಸೈಕಲ್ ತುಳಿಯುವುದು ಬಿಟ್ಟು ಬಸ್ಸು ಹಿಡಿದಳು. ಬಸ್ಸು ಓಡಿಸುವವನು ಆಲ್ವಾರನೇ ಆದ್ದರಿಂದ ಅದೊಂದು ಸುಖವಿತ್ತು.

ಎಪ್ಪತ್ತೆರಡರ ಹೊಸವರ್ಷ ಕಳೆದ ಮೇಲೆ ಸ್ಟಾಕ್‌ಹೋಮಿನಿಂದ ಹೊಸ ಬಣ್ಣ ಬಂತು. ಅದನ್ನು ಹಚ್ಚಿ, ಕಣ್ಣಿಗೆ ಕಾಣದ ಬೆಳಕಿನ ದೀಪವಿರುವ ಸೂಕ್ಷ್ಮದರ್ಶಕದಲ್ಲಿ ಕತ್ತಲಲ್ಲಿ ನೋಡಿದರೆ ವರ್ಣತಂತುಗಳು ಹಸಿರು ಹಳದಿಯಾಗಿ ಹೊಳೆಯುತ್ತಿದ್ದವು. ಬರಿ ಹೊಳೆಯುವುದಲ್ಲ, ಮೈತುಂಬ ಪಟ್ಟೆ ಪಟ್ಟೆ. ಅಲ್ಲಿಯವರೆಗೆ ಬೋಳು ಕಡ್ಡಿಗಳಾಗಿದ್ದವಕ್ಕೆ ಒಂದೊಂದಕ್ಕೂ ತನ್ನದೇ ಗುರುತು ಬಂತು. ಒಂದೇ ಕಷ್ಟವೆಂದರೆ, ಒಂದೇ ಕಡೆ ನೋಡುತ್ತ ಕೂತರೆ ಹೊಳಪು ಮಾಸಿಹೋಗುತ್ತಿತ್ತು. ಫೋಟೋ ಬೇಗ ತೆಗೆಯಬೇಕು.

ಮೊದಲು ಯಾರ ರಕ್ತ ಎಂಬ ಪ್ರಶ್ನೆಯೇ ಏಳಲಿಲ್ಲ. ಹಿಲ್ಲೆವಿ ತೋಳು ಮಡಿಸಿದಳು. ಆಗ ಅವಳು ಮತ್ತೆ ಬಸುರಿ. ಮೂರು ತಿಂಗಳು ತುಂಬುತ್ತ ಬಂದಿತ್ತು. ಆಲ್ವಾರನ ಹೊರತು ಯಾರಿಗೂ ಹೇಳಿರಲಿಲ್ಲ.

ಯಾರ್ಲ್ ಫೋಟೋ ಕೊಟ್ಟ. ಅವಳು ಕತ್ತರಿಸಿ ಪಟ್ಟೆಗೆ ಪಟ್ಟೆ ಹೊಂದಿಸುತ್ತ ಬಂದಳು. ಎಂಟನೆಯ ಜೋಡಿಗೆ ಬಂದಾಗ ತಡೆಯಿತು. ಎರಡೂ ಒಂದೇ ಉದ್ದ, ಸೊಂಟವೂ ಒಂದೇ ಕಡೆ. ಆದರೆ ಒಂದರ ತುದಿಯ ಪಟ್ಟೆಗಳು ಇನ್ನೊಂದರ ತುದಿಗೆ ಹೊಂದುವುದಿಲ್ಲ. ಹತ್ತನೆಯದರಲ್ಲೂ ಅದೇ ರಗಳೆ. ಅವಳು ತಾನೇ ಅಡ್ಡಾದಿಡ್ಡಿ ಕತ್ತರಿಸಿದೆ ಎಂದುಕೊಂಡು ಆ ಫೋಟೋ ಬಿಸಾಡಿ ಇನ್ನೊಂದು ತೆಗೆದುಕೊಂಡಳು. ಅಲ್ಲೂ ಹಾಗೆಯೇ.

“ಯಾರ್ಲ್, ನಿನ್ನ ಕ್ಯಾಮೆರಾ ಅಲುಗಾಡಿದೆ.”

“ನನ್ನ ಕ್ಯಾಮೆರಾ ಅಲುಗಾಡಲ್ಲ. ನಿನ್ನ ಕೈ ನಡುಗಿದೆ ನೋಡ್ಕೊ.”

ಇಬ್ಬರೂ ಜಗಳವಾಡಿ ಆಸ್ಟಾ ಬಳಿ ಹೋದರು. ಆಸ್ಟಾ ಭೂತಗಾಜು ಹಿಡಿದು ಬಹಳ ಹೊತ್ತು ನೋಡಿ, ಇದು ಬಣ್ಣದ ದೋಷ ಎಂದು ತೀರ್ಮಾನ ಕೊಟ್ಟರು. ಸ್ಟಾಕ್‌ಹೋಮಿನವರು ಹಳೆಯ ಮಾಲು ದಾಟಿಸಿದ್ದಾರೆ, ರಾಜಧಾನಿಯವರ ಬುದ್ಧಿಯೇ ಅಷ್ಟು, ಎಂದು ಬೈದು ಬೇರೆ ಬಣ್ಣ ತರಿಸಿದರು. ಹೊಸ ಬಣ್ಣದಲ್ಲೂ ಅದೇ ಕಥೆ. ದೀಪ ಬದಲಿಸಿದರು. ನೀರು ಬದಲಿಸಿದರು. ಗಾಜು ಮಾರುವವನಿಗೆ ಫೋನಿನಲ್ಲಿ ಗದರಿಸಿದರು. ಪ್ರಪಂಚದಲ್ಲಿ ಏನೇನು ಕೆಡಬಹುದೋ ಅದೆಲ್ಲ ಕೆಟ್ಟಿದೆ ಎಂದು ನಂಬಲು ಆ ಮೂವರೂ ಸಿದ್ಧರಿದ್ದರು, ಅಳತೆಗೋಲೇ ಡೊಂಕಿರಬಹುದು ಎಂದು ಮಾತ್ರ ಒಬ್ಬರ ತಲೆಗೂ ಹೊಳೆಯಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಓದಿದವರ ಮನೆಯಲ್ಲೇ ಹೆಚ್ಚು.

ಕೊನೆಗೆ ಆಸ್ಟಾಗೆ ರೇಗಿತು. ಬೇರೆ ರಕ್ತಕ್ಕೆ ಹಾಕಿ ನೋಡೋಣ ಎಂದರು. ಯಾರ್ಲ್‌ಗೆ ಸೂಜಿ ಕಂಡರೆ ತಲೆ ಸುತ್ತುತ್ತಿತ್ತು. ಆಸ್ಟಾ ತಮ್ಮ ತೋಳನ್ನೇ ಮಡಿಸಿದರು. ಆ ಫೋಟೋಗಳನ್ನು ತಾವೇ ಕತ್ತರಿಸಿದರು. ಪಟ್ಟೆಗೆ ಪಟ್ಟೆ, ತುದಿಗೆ ತುದಿ, ಎಲ್ಲ ಜೋಡಿಯೂ ಒಂದನ್ನೊಂದು ಹೋಲುತ್ತಿದ್ದವು.

“ಹಿಲ್ಲೆವಿ,” ಕರೆದರು. “ಬಾಗಿಲು ಹಾಕ್ಕೊಂಡು ಬಾ. ಕೂತ್ಕೊ.”

ಅವಳು ಕೂತಳು.

“ಬಣ್ಣ ಕೆಟ್ಟಿಲ್ಲ.”

“ಹಂಗಾದ್ರೆ ನಾನು ಕತ್ತರಿಸಿದ್ದು...”

“ನೀನು ಕತ್ತರಿಸಿದ್ದೂ ಸರಿಯಾಗೇ ಇದೆ. ನಿನ್ನ ಎಂಟನೇದರ ತುದಿ ಒಂದು ಮುರಿದು ಹತ್ತನೇದಕ್ಕೆ ಅಂಟಿದೆ. ಹತ್ತನೇದರ ತುದಿ ಎಂಟನೇದಕ್ಕೆ ಅಂಟಿದೆ. ನೀನು ಹುಟ್ಟೋಕೆ ಮುಂಚಿನಿಂದ್ಲೂ ಹಾಗೇ ಇದೆ. ಎರಡೂ ತುಂಡು ಒಂದೇ ಉದ್ದ. ಪಟ್ಟೆ ಕಾಣ್ದೆ ಇದ್ದಾಗ ಅದನ್ನ ಹಿಡಿಯೋದು ಯಾರ ಕೈಲೂ ಆಗ್ತಿರ್ಲಿಲ್ಲ. ಇಷ್ಟು ವರ್ಷ ಇದನ್ನೇ ಪಕ್ಕದಲ್ಲಿಟ್ಕೊಂಡು ನಾವು ಊರಿಗೆಲ್ಲ ನ್ಯಾಯ ಹೇಳಿದ್ವಿ.”

ಹಿಲ್ಲೆವಿಗೆ ಮೊದಲು ನಾಚಿಕೆಯಾಯಿತು. ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ ಮುಖ ಬಿಸಿಯಾಯಿತು. ಆಮೇಲೆ, ಎಷ್ಟೋ ಜನರಿಗೆ ಹೇಳಿದ ಮಾತನ್ನೇ ತನಗೂ ಹೇಳಿಕೊಂಡಳು.

“ನಂಗೇನೂ ತೊಂದ್ರೆ ಇಲ್ಲ. ಏನೂ ಕಳೆದಿಲ್ಲ, ಏನೂ ಹೆಚ್ಚಿಲ್ಲ. ಮಗೂಗೆ ಅರ್ಧ ಹಂಚೋವಾಗ್ಲೇ...”

“ಹೌದು,” ಆಸ್ಟಾ ಮೆಲ್ಲಗೆ ಹೇಳಿದರು. “ಆ ಮೂರೂ ನಿಲ್ಲದೆ ಇದ್ದಿದ್ದು ಅದಕ್ಕೇ ಇರ್ಬೇಕು. ನೀನು ಮಾಡಿದ್ದರಿಂದಲ್ಲ ಹಿಲ್ಲೆವಿ, ಮಾಡದೆ ಬಿಟ್ಟಿದ್ದರಿಂದ್ಲೂ ಅಲ್ಲ.”

ಇಷ್ಟು ವರ್ಷ ಯಾರಾದರೂ ಹೇಳಲಿ ಎಂದು ಅವಳು ಕಾದಿದ್ದ ಮಾತು ಅದು. ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದ ಮರುಗಳಿಗೆಗೆ ಅದಕ್ಕಿಂತ ದೊಡ್ಡದೊಂದು ಏರಿ ಕೂತಿತು.

“ಡಾಕ್ಟರ್, ನಾಲ್ಕನೇದು ಈಗ ಹೊಟ್ಟೇಲಿದೆ.”

ಆಸ್ಟಾ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು, ಎಷ್ಟು ವಾರ ಎಂದು ಕೇಳಿದರು.

ಅಂದು ಸಂಜೆ ಹಿಲ್ಲೆವಿ ಆಲ್ವಾರನಿಗೆ ವಿವರಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಆಲ್ವಾರ್ ಒಳ್ಳೆಯ ಮನುಷ್ಯ, ಬಸ್ಸಿನ ಎಂಜಿನ್ನು ಬಿಚ್ಚಿ ಕೂಡಿಸಬಲ್ಲ, ಆದರೆ ವರ್ಣತಂತು ಎಂದ ಕೂಡಲೇ ಚರ್ಚಿನಲ್ಲಿ ಕೂತವನ ಮುಖ ಮಾಡುತ್ತಿದ್ದ. ಕೊನೆಗೆ ಅವಳು ಅಡುಗೆಮನೆಯ ಎರಡು ಡ್ರಾಯರ್ ಎಳೆದು ತೋರಿಸಿದಳು.

“ಇಲ್ನೋಡು. ಇದು ಚಮಚದ ಡ್ರಾಯರ್, ಇದು ಚಾಕುದು. ನನ್ನ ಒಳಗೆ ಸ್ವಲ್ಪ ಚಮಚ ಚಾಕು ಡ್ರಾಯರಿಗೆ ಹೋಗಿದೆ, ಅಷ್ಟೇ ಚಾಕು ಚಮಚದ ಡ್ರಾಯರಿಗೆ ಬಂದಿದೆ.”

“ನಮ್ಮನೇಲಿ ಯಾವಾಗ್ಲೂ ಹಾಗೇ ಅಲ್ವಾ ಇರೋದು.”

“ತಮಾಷೆ ಬೇಡ. ಎಲ್ಲಾ ಇದೆ, ಜಾಗ ಮಾತ್ರ ಬೇರೆ. ಅದಕ್ಕೇ ನಾನು ಚೆನ್ನಾಗಿದೀನಿ. ಆದ್ರೆ ಮಗೂಗೆ ನನ್ನಿಂದ ಒಂದು ಚಮಚದ ಡ್ರಾಯರ್ರು, ಒಂದು ಚಾಕು ಡ್ರಾಯರ್ರು ಹೋಗ್ಬೇಕು. ನನ್ನ ಹತ್ರ ಒಂದೊಂದೂ ಎರಡೆರಡಿದೆ, ಒಂದು ನೆಟ್ಟಗಿರೋದು, ಒಂದು ಕಲಸಿರೋದು. ಎರಡೂ ನೆಟ್ಟಗಿರೋದು ಹೋದ್ರೆ ಸರಿ. ಎರಡೂ ಕಲಸಿರೋದು ಹೋದ್ರೂ ಸರಿ, ನನ್ನ ಹಾಗೆ ಇರುತ್ತೆ. ಒಂದು ನೆಟ್ಟಗೆ, ಇನ್ನೊಂದು ಕಲಸಿರೋದು ಹೋದ್ರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ. ಅಂಥದ್ದು ನಿಲ್ಲಲ್ಲ. ನಿಂತ್ರೂ...”

ಆಲ್ವಾರ್ ಎರಡೂ ಡ್ರಾಯರನ್ನು ನಿಧಾನವಾಗಿ ಒಳಗೆ ತಳ್ಳಿದ.

“ಇದು ಈಗ ಯಾವ್ದು ಅಂತ ಗೊತ್ತಾಗೋದು ಹೇಗೆ?”

“ಹೊಟ್ಟೆಗೆ ಸೂಜಿ ಹಾಕಿ ಮಗೂ ಸುತ್ತ ಇರೋ ನೀರು ತೆಗೀತಾರೆ. ಅದ್ರಲ್ಲಿ ಮಗೂ ಮೈಯಿಂದ ಉದುರಿದ ಕೋಶ ಇರುತ್ತೆ. ಅವನ್ನ ಬೆಳೆಸಿ, ಎರಡಾಗೋವಾಗ ಹಿಡಿದು ನೋಡ್ಬೇಕು. ಡಾಕ್ಟರ್ ಮಾಡ್ತೀನಿ ಅಂದಿದಾರೆ.”

“ನೀನೇ ನೋಡ್ತೀಯಾ?”

“ಇಲ್ಲ. ತೀರ್ಪು ಕೊಡೋ ಪರೀಕ್ಷೇಲಿ ನಮ್ಮವರದ್ದನ್ನ ನಾವು ಮುಟ್ಟೋ ಹಾಗಿಲ್ಲ.”

ಸೊಸೆ ಬಸುರಿ ಎಂಬುದೂ, ಸೂಜಿಯ ಸಂಗತಿಯೂ ಸಿಗ್ನೆಗೆ ಗೊತ್ತಾದದ್ದು ಈಸ್ಟರ್ ಹಬ್ಬಕ್ಕೆ ಹಿಡಿಯುವ ಉಪವಾಸದ ದಿನಗಳ ಮುಂಚಿನ ಮಂಗಳವಾರ. ಆ ದಿನ ಊರೆಲ್ಲ ಕೆನೆ ತುಂಬಿದ ಬನ್ನು ತಿನ್ನುತ್ತದೆ. ಸಿಗ್ನೆಯ ಮೇಜಿನ ಮೇಲೂ ತಟ್ಟೆಗಟ್ಟಲೆ ಇದ್ದವು. ಹಿಲ್ಲೆವಿ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು. ತಪ್ಪು ತನ್ನ ಕಡೆಯದೇ, ಆಲ್ವಾರನದಲ್ಲ ಎಂದೂ ಹೇಳಿದಳು. ಹೇಳಿ, ಬೈಗುಳಕ್ಕೆ ಕಾದಳು.

ಸಿಗ್ನೆ ಕಾಫಿ ಬಗ್ಗಿಸುವುದನ್ನು ಅರ್ಧಕ್ಕೆ ನಿಲ್ಲಿಸಿದ್ದರು.

“ಹಾಗಾದ್ರೆ ಸೈಕಲ್ಲಲ್ಲ,” ಎಂದರು.

“ಅಲ್ಲ ಅತ್ತೆ.”

“ಕಾಫೀನೂ ಅಲ್ಲ.”

“ಅಲ್ಲ.”

ಮುದುಕಿ ಕಾಫಿಯ ಪಾತ್ರೆ ಕೆಳಗಿಟ್ಟರು. “ನಾನೆಷ್ಟು ಮಾತಾಡ್ಬಿಟ್ಟೆ ನಿಂಗೆ. ನನ್ನ ನಾಲಿಗೆಗೆ ಬೆಂಕಿ ಹಾಕ. ಒಂದ್ಸಲನಾದ್ರೂ ಬಾಯಿ ಮುಚ್ಚು ಅತ್ತೆ ಅನ್ಬಾರ್ದಿತ್ತಾ ನೀನು.”

“ನಂಗೂ ಹಾಗೇ ಅನ್ನಿಸ್ತಿತ್ತು ಅತ್ತೆ. ಸೈಕಲ್ಲೇ ಇರ್ಬೇಕು ಅಂತ.”

ಸಿಗ್ನೆ ತಟ್ಟೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬನ್ನನ್ನು ಸೊಸೆಯ ಮುಂದೆ ತಳ್ಳಿದರು. ಸೊಸೆ ತಿಂದು ಮುಗಿಸುವ ತನಕ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಅತ್ತೆಯ ಕೈ ಅಷ್ಟು ಬೆಚ್ಚಗಿರುತ್ತದೆ ಎಂದು ಹಿಲ್ಲೆವಿಗೆ ತಿಳಿದಿರಲಿಲ್ಲ.

ಸೂಜಿ ಹಾಕಿಸಿಕೊಂಡದ್ದು ಫೆಬ್ರವರಿಯ ಕೊನೆಯಲ್ಲಿ. ನೋವಿಗಿಂತ ಹೆದರಿಕೆ ಹೆಚ್ಚಿತ್ತು. ತೆಗೆದ ನೀರು ಎರಡು ಚಪ್ಪಟೆ ಸೀಸೆಗಳಲ್ಲಿ, ಪ್ರಯೋಗಾಲಯದ ಮೂಲೆಯ ಬೆಚ್ಚನೆ ಪೆಟ್ಟಿಗೆ ಸೇರಿತು. ಅಲ್ಲಿಂದ ಶುರುವಾಯಿತು ನೋಡಿ, ಕಾಯುವ ಶಿಕ್ಷೆ. ರಕ್ತದ ಕೋಶಗಳು ಚುರುಕು, ಅವಕ್ಕೆ ಕೆಲವೇ ದಿನ ಸಾಕು. ಈ ಕೋಶಗಳು ಸೋಮಾರಿಗಳು. ಗಾಜಿಗೆ ಅಂಟಿಕೊಂಡು, ಎದ್ದು ಕೂತು, ಎರಡಾಗಲು ಮನಸ್ಸು ಮಾಡುವ ಹೊತ್ತಿಗೆ ವಾರಗಳು ಕಳೆಯುತ್ತವೆ.

ಹಿಲ್ಲೆವಿ ಆ ಪೆಟ್ಟಿಗೆಯ ಕಡೆಗೆ ಬೆನ್ನು ಮಾಡಿ ಕೂತು ಪರರ ವರ್ಣತಂತುಗಳನ್ನು ಕತ್ತರಿಸಿದಳು. ಪ್ರತಿ ಬೆಳಗ್ಗೆ ಆಸ್ಟಾ ಸೀಸೆಗಳನ್ನು ತೆಗೆದು ನೋಡಿ ಒಳಗಿಡುವ ಸದ್ದಾಗುತ್ತಿತ್ತು. ಅವಳು ತಿರುಗುತ್ತಿರಲಿಲ್ಲ. ಕೇಳುತ್ತಲೂ ಇರಲಿಲ್ಲ. ಯಾರ್ಲ್ ಈಗ ಅವಳನ್ನು ಮಾದರಿ ಎಂದು ಕರೆಯುವುದು ಬಿಟ್ಟಿದ್ದ, ಬದಲಿಗೆ ಹಾದುಹೋಗುವಾಗೆಲ್ಲ ಮೇಜಿನ ಮೇಲೆ ಜೇಷ್ಠಮಧುವಿನ ಒಂದು ಕಪ್ಪು ಲಾಕ್ರಿಸ್ ಮಿಠಾಯಿ ಇಟ್ಟು ಹೋಗುತ್ತಿದ್ದ. ಲಾಕ್ರಿಸ್ ಅವಳಿಗೆ ಆಗುತ್ತಿರಲಿಲ್ಲ. ಆದರೂ ತಿಂದಳು.

ಒಂದು ಬೆಳಗ್ಗೆ ಆಸ್ಟಾ ತಾವಾಗಿಯೇ ಬಂದು ನಿಂತರು.

“ಒಂದು ಸೀಸೆಗೆ ಬೂಷ್ಟು ಬಂದಿದೆ. ಬಿಸಾಡ್ಬೇಕಾಯ್ತು.”

“ಇನ್ನೊಂದು?”

“ಇನ್ನೊಂದರಲ್ಲಿ ಮೂಲೇಲಿ ಒಂದಿಷ್ಟು ಅಂಟ್ಕೊಂಡಿವೆ. ಆಸೆ ಇಟ್ಕೊ. ಜಾಸ್ತಿ ಇಟ್ಕೋಬೇಡ.”

ಆಸೆಯನ್ನು ಅಳೆದು ಸುರಿದುಕೊಳ್ಳುವುದು ಯಾರಿಗೆ ಬರುತ್ತದೆ. ಅದೇ ವಾರ, ಯಾರೋ ಹುಡುಗಿಯೊಬ್ಬಳ ಐದನೆಯ ಜೋಡಿಯನ್ನು ಅಂಟಿಸುತ್ತಿದ್ದಾಗ, ಹಿಲ್ಲೆವಿಗೆ ಹೊಟ್ಟೆಯೊಳಗೆ ಏನೋ ಮೆಲ್ಲಗೆ ತಟ್ಟಿದ ಹಾಗಾಯಿತು. ಅವಳು ಕತ್ತರಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಮತ್ತೊಮ್ಮೆ ತಟ್ಟಿತು. ಹಿಂದಿನ ಮೂರೂ ಇಷ್ಟು ದೂರ ಬಂದಿರಲಿಲ್ಲ. ಇದು ಏನೆಂದು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಸಂತೋಷ ಉಕ್ಕಿ ಬಂತು, ಅದರ ಹಿಂದೆಯೇ ಭಯ ಬಂತು. ಹೆಚ್ಚುಕಮ್ಮಿಯಾದ ಕೂಸೂ ಹೀಗೇ ಒದೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮನೆಗೆ ಹೋಗಿ ಆಲ್ವಾರನಿಗೂ ಹೇಳಲಿಲ್ಲ. ಫಲಿತಾಂಶ ಕೆಟ್ಟದಾಗಿ ಬಂದರೆ ಏನು ಮಾಡುವುದು ಎಂಬ ಮಾತನ್ನು ಅವರಿಬ್ಬರೂ ಇನ್ನೂ ಬಾಯಿಬಿಟ್ಟು ಆಡಿರಲಿಲ್ಲ. ಹೊಟ್ಟೆಯೊಳಗಿನದು ತಟ್ಟಲು ಶುರು ಮಾಡಿದ ಮೇಲೆ ಆ ಮಾತು ಆಡುವುದು ಇನ್ನೂ ಕಷ್ಟವಾಯಿತು.

ಮಾರ್ಚ್ ಮುಗಿಯುತ್ತ ಬಂತು. ಛಾವಣಿಯ ಹಿಮ ಕರಗಿ ಕಿಟಕಿಯ ಮುಂದೆ ತೊಟ್ಟಿಕ್ಕುತ್ತಿತ್ತು. ಹಿಲ್ಲೆವಿ ಬೆಳಗ್ಗೆ ಕೋಟು ಬಿಚ್ಚಿ ನೇತುಹಾಕುವಾಗ ಯಾರ್ಲ್ ಎದುರಿಗೆ ಬಂದವನು, ಮಾತಾಡದೆ ಕಣ್ಣು ತಪ್ಪಿಸಿ ಕತ್ತಲಕೋಣೆಗೆ ಹೊಕ್ಕ. ಬಾಯಿಬಡುಕ ಸುಮ್ಮನಾದರೆ ಅದಕ್ಕಿಂತ ಅಪಶಕುನ ಬೇರೆ ಬೇಕೇ.

ಆಸ್ಟಾರ ಕೋಣೆಯ ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಜೋಡಿ ಕೂಡಿಸಿ ಅಂಟಿಸಿದ ರಟ್ಟು.

“ಬಾ. ನೀನೇ ಓದು,” ಎಂದರು ಆಸ್ಟಾ.

ಅವಳು ಕೂರಲಿಲ್ಲ. ನಿಂತೇ ಬಗ್ಗಿದಳು. ಕಣ್ಣು ನೇರವಾಗಿ ಎಂಟನೆಯ ಜೋಡಿಗೆ ಹೋಯಿತು. ಒಂದು ಸರಿಯಿದೆ, ಒಂದರ ತುದಿ ಪರಕೀಯ. ಹತ್ತನೆಯ ಜೋಡಿ ನೋಡಿದಳು. ಒಂದು ಸರಿಯಿದೆ, ಇನ್ನೊಂದರ ತುದಿಯಲ್ಲಿ ಎಂಟನೆಯದರ ಪಟ್ಟೆಗಳು. ಹೋದ ತುಂಡು ಇಲ್ಲಿದೆ, ಬಂದ ತುಂಡು ಅಲ್ಲಿದೆ. ಏನೂ ಹೆಚ್ಚಿಲ್ಲ, ಏನೂ ಕಮ್ಮಿಯಿಲ್ಲ. ಅವಳದರ ಹಾಗೆಯೇ, ತದ್ವತ್ತು.

ಅವಳ ಮುಖದಲ್ಲಿ ನಗು ಮೂಡಿತು, ಮೂಡಿದ್ದು ಅಲ್ಲೇ ಆರಿತು. ಈ ಕಸುಬಿನವರಿಗೆ ನೆಮ್ಮದಿ ಎನ್ನುವುದು ಅಷ್ಟು ಸುಲಭವಾಗಿ ದಕ್ಕುವುದಿಲ್ಲ. ಸೂಜಿ ಮಗುವಿನ ನೀರು ಮುಟ್ಟುವ ಮೊದಲು ತಾಯಿಯ ಚರ್ಮ, ತಾಯಿಯ ಮಾಂಸ ದಾಟಿ ಹೋಗುತ್ತದೆ. ಹೋಗುವಾಗ ತಾಯಿಯ ಕೋಶ ನಾಲ್ಕು ಹತ್ತಿಕೊಂಡು ಬಂದರೆ, ಸೀಸೆಯಲ್ಲಿ ಮಗುವಿನವು ಸೊರಗಿ ತಾಯಿಯವೇ ಬೆಳೆದುಬಿಡಬಹುದು. ಹಾಗೆ ಆದದ್ದನ್ನು ಅವಳು ಕಂಡಿದ್ದಳು.

“ಡಾಕ್ಟರ್, ಇದು ನಂದು,” ಎಂದಳು. “ಇದು ಮಗೂದಲ್ಲ. ನನ್ನ ಕೋಶಾನೇ ಬೆಳೆದಿವೆ. ಒಂದೇ ಸೀಸೆ ಉಳಿದಿತ್ತು, ಅದ್ರಲ್ಲೂ ನಾನೇ ಬೆಳೆದ್ಬಿಟ್ಟೆ. ನನ್ನ ಮಗೂ ಹೇಗಿದೆ ಅಂತ ಇದ್ರಿಂದ ಏನೂ ಗೊತ್ತಾಗಲ್ಲ.”

“ಹಿಲ್ಲೆವಿ.”

“ಈಗ ಇನ್ನೊಂದ್ಸಲ ಸೂಜಿ ಹಾಕೋಕೂ ಹೊತ್ತು ಮೀರಿದೆ.”

“ಹಿಲ್ಲೆವಿ. ರಟ್ಟು ಪೂರ್ತಿ ನೋಡ್ದೆ ತೀರ್ಪು ಕೊಡ್ಬೇಡ ಅಂತ ನಿಂಗೆ ನಾನು ಕಲಿಸಿಲ್ವಾ? ಕೊನೇ ಜೋಡಿ ನೋಡು.”

ಕೊನೆಯ ಜೋಡಿಯನ್ನು ಅವಳು ನೋಡಿಯೇ ಇರಲಿಲ್ಲ. ನೋಡಿದಳು. ಅದು ಜೋಡಿಯಲ್ಲ. ಒಂದು ದೊಡ್ಡದು, ಪಕ್ಕದಲ್ಲಿ ಗಂಡಿಗೆ ಮಾತ್ರ ಇರುವ ಒಂದು ಕುಳ್ಳು. ಕುಳ್ಳನ ಬಾಲ ಫೋಟೋದಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು.

“ಇದು ನಿನ್ನ ಮೈಯಲ್ಲೆಲ್ಲಾದ್ರೂ ಇದೆಯಾ?” ಆಸ್ಟಾ ಕೇಳಿದರು.

ಹಿಲ್ಲೆವಿ ಇಲ್ಲವೆಂದು ತಲೆಯಾಡಿಸಿದಳು. ಈಗ ಕೂತಳು.

“ಇದೊಂದೇ ಕೋಶ ಅಲ್ಲ, ಸಿಕ್ಕಿದ್ದೆಲ್ಲ ನೋಡಿದೀನಿ. ಎಲ್ಲವೂ ಅವನವೇ. ನಿನ್ನದು ಒಂದೂ ಇಲ್ಲ. ಅವನಿಗೆ ನಿನ್ನ ಕಲಸಿದ್ದು ಎರಡೂ ಬಂದಿದೆ. ಮುಂದೆ ಅವನಿಗೆ ಮಕ್ಕಳಾಗೋ ಕಾಲಕ್ಕೆ ಇದನ್ನ ಹೇಳ್ಬೇಕಾಗುತ್ತೆ. ಈಗ ಹೇಳ್ಬೇಕಾಗಿರೋದು ಏನಂದ್ರೆ, ಏನೂ ಕಳೆದಿಲ್ಲ.”

ಹಿಲ್ಲೆವಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮೂರನೆಯದಕ್ಕೆ ಅಳದೆ ಉಳಿಸಿಕೊಂಡದ್ದೂ ಅದರಲ್ಲಿ ಸೇರಿತ್ತು. ಆಸ್ಟಾ ಕರವಸ್ತ್ರಕ್ಕಾಗಿ ಹುಡುಕಿ, ಸಿಗದೆ, ಸೂಕ್ಷ್ಮದರ್ಶಕದ ಮಸೂರ ಒರೆಸುವ ಮೆತ್ತನೆಯ ಕಾಗದದ ಕಟ್ಟನ್ನೇ ಅವಳ ಮುಂದಿಟ್ಟರು. ಯಾರ್ಲ್ ಬಾಗಿಲ ಸಂದಿಯಿಂದ ಮೂಗು ತೂರಿಸಿದ.

“ಗೊತ್ತಾಯ್ತಾ ಅವ್ಳಿಗೆ? ದೇವ್ರೇ, ಬೆಳಗ್ಗೆಯಿಂದ ಬಾಯಿ ಕಟ್ಕೊಂಡು ಪ್ರಾಣ ಹೋಗಿತ್ತು. ಆಸ್ಟಾ, ಇನ್ನೊಂದ್ಸಲ ಇಂಥ ಕೆಲ್ಸ ನಂಗೆ ಹೇಳ್ಬೇಡ ನೀನು.”

“ಹೋಗಿ ದೀಪ ಹಚ್ಚು,” ಎಂದರು ಆಸ್ಟಾ. “ಅವಳೂ ಒಂದ್ಸಲ ನೋಡ್ಲಿ.”

ನಮ್ಮವರದ್ದನ್ನು ನಾವು ಮುಟ್ಟುವ ಹಾಗಿಲ್ಲ. ನೋಡುವ ಹಾಗಿಲ್ಲ ಎಂದು ಯಾರೂ ಹೇಳಿರಲಿಲ್ಲ. ಕತ್ತಲಕೋಣೆಯಲ್ಲಿ ಹಿಲ್ಲೆವಿ ಒದ್ದೆ ಕಣ್ಣು ಒರೆಸಿಕೊಂಡು ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು. ವರ್ಣತಂತುಗಳು ಹರಡಿದ ಕೋಶಗಳು ಕೆಲವೇ ಇದ್ದವು. ಉಳಿದವೆಲ್ಲ ಸುಮ್ಮನೆ ಇರುವ ಕೋಶಕೇಂದ್ರಗಳು, ಮಂಕು ಹಸಿರಿನ ದುಂಡು ದುಂಡು. ತಲೆ ಬುಡ ತಿಳಿಯದ ಆ ಸಿಕ್ಕಿನೊಳಗೂ ಕುಳ್ಳನ ಬಾಲ ಒಂದೇ ಒಂದು ಚುಕ್ಕಿಯಾಗಿ ಬೆಳಗುತ್ತಿತ್ತು. ಮುಂದಿನದರಲ್ಲೂ ಒಂದು. ಅದರಾಚೆಯದರಲ್ಲೂ ಒಂದು.

“ಒಂದೇ ಕಡೆ ನೋಡ್ಬೇಡ, ಮಾಸಿಹೋಗುತ್ತೆ,” ಆಸ್ಟಾ ಕತ್ತಲಲ್ಲಿ ಹೇಳಿದರು.

ಅವಳು ಗಾಜನ್ನು ಮೆಲ್ಲಗೆ ಸರಿಸುತ್ತ ಹೋದಳು. ಅಂಚಿನ ಹತ್ತಿರ ಬಂದಾಗ ಕೈ ನಿಂತಿತು. ಅಲ್ಲಿ ಎರಡು ಕೋಶಕೇಂದ್ರಗಳು ಒಂದಕ್ಕೊಂದು ತಾಗಿಕೊಂಡಿದ್ದವು. ವಿಷ ತಲುಪುವ ಮೊದಲೇ ಎರಡಾಗಿ ಮುಗಿಸಿದ್ದವು, ಇನ್ನೂ ಪೂರ್ತಿ ದೂರ ಸರಿದಿರಲಿಲ್ಲ. ಎರಡರಲ್ಲೂ ಒಂದೊಂದು ಚುಕ್ಕಿ. ಅದೇ ಹೊತ್ತಿಗೆ ಒಳಗಿನಿಂದ ಕಾಲೋ ಕೈಯೋ ಅವಳ ಪಕ್ಕೆಯ ಕೆಳಗೆ ತಟ್ಟಿತು. ಈ ಸಲ ಅವಳು ಭಯಪಡಲಿಲ್ಲ. ಅಂಗೈಯನ್ನು ಅಲ್ಲಿಟ್ಟುಕೊಂಡಳು.

“ಬೆಳೀತಾ ಇದಾನೆ ಡಾಕ್ಟರ್,” ಎಂದಳು.